ಕಿಲಾಟ್ ದೋಣಿಯ ಇಪ್ಪತ್ತೈದು ನಿಮಿಷ

ಬುಗ್ತೊಂಗ್ ದ್ವೀಪದ ಪಿಸ್ತೊನ ದೋಣಿ ಎಷ್ಟು ವೇಗದ್ದೆಂದರೆ, ಅವನು ಕಾಂಬಾಲಿ ಪಟ್ಟಣದ ದಕ್ಕೆಗೆ ಬಂದು, ಎರಡು ಬುಟ್ಟಿ ಮೀನು ಮಾರಿ, ತೆಂಗಿನ ಕಳ್ಳು ಒಂದು ಲೋಟ ಏರಿಸಿ, ಮೀಸೆ ಒರೆಸಿಕೊಂಡು ಮೇಲೆದ್ದ ನಂತರ ಅದರ ಇಂಜಿನ್ನಿನ ಸದ್ದು ಹಿಂದಿನಿಂದ ಏದುಸಿರು ಬಿಡುತ್ತಾ ಬಂದು ದಡ ಮುಟ್ಟುತ್ತಿತ್ತು. ಒಮ್ಮೆ ಅದು ತನ್ನ ನೆರಳನ್ನೇ ನಡುಗಡಲಿನಲ್ಲಿ ಬಿಟ್ಟು ಬಂದುಬಿಟ್ಟಿತು. ಪಿಸ್ತೊ ವಾಪಸು ಹೋಗಿ ನೆರಳಿಗೆ ಹಗ್ಗ ಕಟ್ಟಿ ಎಳೆದು ತರಬೇಕಾಯಿತು. ಅದನ್ನು ಕಂಡ ಹಾರುಮೀನುಗಳು ನಾಚಿಕೆಯಿಂದ ಹಾರುವುದನ್ನೇ ಬಿಟ್ಟು ಏಡಿಗಳ ಜೊತೆ ನಡೆಯುವುದನ್ನು ಕಲಿತವು.

ದೋಣಿಯ ಹೆಸರು ಕಿಲಾಟ್, ಅಂದರೆ ಮಿಂಚು. ಎರಡೂ ಬದಿಗೆ ಬಿದಿರಿನ ತೋಳು, ನಡುವೆ ಕೆಂಪು ಬಣ್ಣ ಬಳಿದ ಇಂಜಿನ್, ಅದರ ಮೇಲೆ ಊರಿನ ಕುರುಡನಿಗೂ ಕಾಣುವಂತೆ ಬಿಳಿ ಅಕ್ಷರದಲ್ಲಿ ‘16’. ಹದಿನಾರು ಕುದುರೆಗಳ ಶಕ್ತಿ. ಯಾರಾದರೂ ಕೇಳಿದರೆ ಪಿಸ್ತೊ, “ಹದಿನಾರು ಅಂತ ಬರ್ದಿರೋದು ಉಳಿದ ದೋಣಿಯವ್ರಿಗೆ ಬೇಜಾರಾಗ್ಬಾರ್ದು ಅಂತ” ಎನ್ನುತ್ತಿದ್ದ. ಐವತ್ತೆಂಟು ವಯಸ್ಸು, ಕಡ್ಡಿಯಂಥ ಕಾಲು, ದ್ವೀಪದ ಕಿರಿಯರೆಲ್ಲ ಗೌರವದಿಂದ ನೋಂಗ್ ಪಿಸ್ತೊ ಎಂದು ಕರೆಯುವ ಈ ಮನುಷ್ಯ ಬದುಕಿನಲ್ಲಿ ಒಂದೇ ಒಂದು ಮಾತನ್ನೂ ಅದರ ನಿಜವಾದ ಅಳತೆಯಲ್ಲಿ ಆಡಿದವನಲ್ಲ. ಅವನು ಹಿಡಿದ ಮೀನು ದಡಕ್ಕೆ ಬಂದಾಗ ಮೊಳದುದ್ದ ಇದ್ದರೆ, ಕಳ್ಳಂಗಡಿ ಮುಟ್ಟುವಷ್ಟರಲ್ಲಿ ಮಾರುದ್ದ, ಮನೆಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ.

ಇದರಿಂದ ಯಾರಿಗೂ ಏನೂ ನಷ್ಟವಿರಲಿಲ್ಲ. ಅವನ ಅಳಿಯ ಜುನ್ರೆಲ್‌ನ ಬದುಕಿನ ನಲವತ್ತು ವರ್ಷಗಳು ಆ ದೋಣಿಯ ಮೇಲೆ ಬಂದು ಕೂರುವ ತನಕ.

ಕಾಂಬಾಲಿಯಲ್ಲಿ ಒಣಕೊಬ್ಬರಿ ಕೊಳ್ಳುವ ಡಾನ್ ಇಸ್ಕೊ ಎಂಬವನಿದ್ದ. ಅವನ ತೂಕದ ಯಂತ್ರಕ್ಕೆ ಅವನಷ್ಟೇ ಕರುಣೆ. ಮೇ ತಿಂಗಳ ಒಂದು ಸಂತೆಯ ದಿನ ಜುನ್ರೆಲ್ ತನ್ನ ಚೀಲ ಇಳಿಸಿ ತಾನೇ ಆ ಯಂತ್ರದ ಮೇಲೆ ಹತ್ತಿ ನಿಂತ. “ಬನ್ರಪ್ಪಾ ಬನ್ನಿ! ಡಾಕ್ಟ್ರೂ ಬೇಡ, ಉಪವಾಸಾನೂ ಬೇಡ. ಇಸ್ಕೊ ಅಣ್ಣನ ಅಂಗಡಿಗೆ ಬಂದ್ರೆ ಸಾಕು, ನಿಂತಲ್ಲೇ ಒಂಬತ್ತು ಕಿಲೋ ಇಳೀತೀರಿ!” ಇಡೀ ಸಂತೆ ನಕ್ಕಿತು. ಡಾನ್ ಇಸ್ಕೊ ಮಾತ್ರ ನಗಲಿಲ್ಲ. “ನಿನ್ನ ನೋಡ್ಕೋತೀನಿ” ಎಂದ. “ನಾನೂ ನಿನ್ನ ನೋಡ್ಕೋತೀನಿ” ಎಂದು ಜುನ್ರೆಲ್ ಕೂಡ, ಜನ ನಗುತ್ತಿದ್ದ ಹುರುಪಿನಲ್ಲಿ, ಹೇಳಿಬಿಟ್ಟ.

ಮುಂದಿನ ಶನಿವಾರ ಸಂಜೆ ನಾಲ್ಕೂ ಕಾಲಿಗೆ ಡಾನ್ ಇಸ್ಕೊ ಕೊಬ್ಬರಿ ರಾಶಿಯ ಮೇಲೆ ಚೂರಿ ಇರಿತಕ್ಕೆ ಸತ್ತು ಬಿದ್ದಿದ್ದ.

ಎದುರು ಬದಿಯಲ್ಲಿ ಬಾಳೆಲೆಯಲ್ಲಿ ಅಕ್ಕಿ ಕಡುಬು ಬೇಯಿಸಿ ಮಾರುವ ಎಸ್ಕೊಲಾ ಎಂಬ ಹೆಂಗಸು ಯಾರೋ ಒಬ್ಬ ಗಂಡಸು ಓಡಿಹೋಗುವುದನ್ನು ಕಂಡಳು. ಹಳದಿ ಬ್ಯಾಸ್ಕೆಟ್‌ಬಾಲ್ ಬನಿಯನ್, ಬೆನ್ನ ಮೇಲೆ ಏಳು. ಜುನ್ರೆಲ್‌ನ ಹತ್ತಿರ ಅಂಥದ್ದೇ ಬನಿಯನ್ ಇತ್ತು. ಹಿಂದಿನ ಚುನಾವಣೆಯಲ್ಲಿ ಏಳನೇ ಕ್ರಮಾಂಕದ ಅಭ್ಯರ್ಥಿ ಸುತ್ತಲಿನ ಹನ್ನೆರಡು ಊರಿನ ಗಂಡಸರಿಗೆ ಹಂಚಿದ್ದು ಅದನ್ನೇ, ಆ ಮಾತು ಬೇರೆ. ಎಸ್ಕೊಲಾ ಸುಳ್ಳು ಹೇಳುವವಳಲ್ಲ. ಮೂವತ್ತು ವರ್ಷದಿಂದ ಚರ್ಚಿನಲ್ಲಿ ಮಕ್ಕಳಿಗೆ ಜಪ ಕಲಿಸುವವಳು. ಕಡುಬು ಹಳಸಿದ್ದರೆ ಗಿರಾಕಿ ಕೇಳುವ ಮೊದಲೇ ಹಳಸಿದೆ ಎನ್ನುವವಳು. ಅವಳು “ಅದೇ ಬೆನ್ನು” ಎಂದಳು. ಪೊಲೀಸರಿಗೆ ಅಷ್ಟು ಸಾಕಾಯಿತು.

ಆದರೆ ಜುನ್ರೆಲ್ ಆ ದಿನ ಕಾಂಬಾಲಿಯಲ್ಲಿ ಇರಲೇ ಇಲ್ಲ. ಮೂರು ಗಂಟೆಗೆ ದ್ವೀಪದ ಪ್ರಾರ್ಥನಾ ಮಂದಿರದಲ್ಲಿ ಒಂದು ಕೂಸಿನ ಹೆಸರಿಡುವ ಶಾಸ್ತ್ರಕ್ಕೆ ಧರ್ಮತಂದೆಯಾಗಿ ನಿಂತಿದ್ದ. ಪಾದ್ರಿಗಳ ಪುಸ್ತಕದಲ್ಲಿ ರುಜುವೇ ಇತ್ತು. ಐದೂವರೆಗೆ ಆಟದ ಬಯಲಿನಲ್ಲಿ ಸೀಟಿ ಊದುತ್ತಿದ್ದ. ಇಪ್ಪತ್ತು ಜನ ಅವನ ತೀರ್ಪಿಗೆ ಬೈದಿದ್ದರು. ನಡುವಿನ ಎರಡೂವರೆ ಗಂಟೆ ಅವನು ಮಾವನ ಜೊತೆ ಮರಳಿನ ಮೇಲೆ ಕೂತು, ದಡಕ್ಕೆಳೆದ ಕಿಲಾಟಿಗೆ ಹೊಸ ಬಿದಿರು ಕಟ್ಟುತ್ತಿದ್ದ. ಅದನ್ನು ನೋಡಿದವನು ಪಿಸ್ತೊ ಒಬ್ಬನೇ.

“ಪರವಾಗಿಲ್ಲ” ಎಂದಿದ್ದಳು ಸರ್ಕಾರ ಬಡವರಿಗೆ ಕೊಡುವ ವಕೀಲೆ, ಅಟಾರ್ನಿ ಕಬಾಹುಗ್. ಬಿಳಿ ಕ್ಯಾನ್ವಾಸ್ ಬೂಟು, ಕೈಯಲ್ಲಿ ಯಾವಾಗಲೂ ಅರ್ಧ ತಿಂದ ಬ್ರೆಡ್ಡು. “ಜನ ಸಾಗಿಸೋ ದೋಣಿಗೆ ಒಂದು ಕಡೆಗೆ ಒಂದೂವರೆ ಗಂಟೆ ಬೇಕು. ಹೋಗಿ ಬರೋಕೆ ಮೂರು. ನಡುವೆ ಇರೋದು ಎರಡೂವರೆ. ನಾನು ಬೇರೆ ಕಡೆ ಇದ್ದೆ ಅಂತ ಎಲ್ಲಾ ಕೊಲೆಗಾರರೂ ಹೇಳ್ತಾರೆ, ಕೋರ್ಟು ನಂಬಲ್ಲ. ಅಲ್ಲಿಗೆ ಬರೋಕೆ ಸಾಧ್ಯಾನೇ ಇರ್ಲಿಲ್ಲ ಅಂತ ತೋರಿಸಿದ್ರೆ ಮಾತ್ರ ನಂಬತ್ತೆ. ನಮ್ ಹತ್ರ ಅದು ಇದೆ. ನೋಂಗ್ ಪಿಸ್ತೊ, ನಿಮ್ಮ ದೋಣಿ ಬಗ್ಗೆ ಕೇಳಿದ್ರೆ ‘ಎಲ್ಲಾ ದೋಣಿಗಳ ಥರಾನೇ’ ಅನ್ನಿ. ಅಷ್ಟೇ. ಒಂದೇ ಮಾತು.”

ಆ ಒಂದೇ ಮಾತನ್ನು ಪಿಸ್ತೊ ಹನ್ನೊಂದು ದಿನ ಅಭ್ಯಾಸ ಮಾಡಿದ.

ವಿಚಾರಣೆಯ ದಿನ ದ್ವೀಪಕ್ಕೆ ದ್ವೀಪವೇ ಕಾಂಬಾಲಿಯ ಕೋರ್ಟಿನ ಬೆಂಚುಗಳ ಮೇಲೆ ಕೂತಿತ್ತು. ನ್ಯಾಯಾಧೀಶರು ಬೆಟ್ಟದ ಸೀಮೆಯವರು; ಬಕೆಟ್ಟಿನ ನೀರು ಅಲುಗಿದರೂ ತಲೆ ಸುತ್ತುವವರು. ಸರ್ಕಾರದ ಪರ ವಾದಿಸುವ ಫಿಸ್ಕಲ್ ತುಪಾಸ್ ತೆಳ್ಳಗೆ, ತಣ್ಣಗೆ, ಇಸ್ತ್ರಿ ಮಾಡಿದ ನಗುವಿನವನು.

“ಪಿಸ್ತೊ ಅವರೇ, ನಿಮ್ಮ ದೋಣಿ ಅಂದ್ರೆ ದಕ್ಕೆ ಹಿಂದೆ ಹಂದಿಗೂಡಿನ ಥರ ನಿಂತಿರತ್ತಲ್ಲ, ಅದೇ ತಾನೆ?”

“ಹಂದಿಗೂಡಲ್ಲ ಸ್ವಾಮಿ. ಕಿಲಾಟ್.”

“ಹೆಸರು ದೊಡ್ಡದಾಗಿದೆ. ಇಲ್ಲಿಗೆ ಬರೋಕೆ ಅದಕ್ಕೆ ಅರ್ಧ ದಿನ ಬೇಕಾಗ್ಬಹುದು ಅಲ್ವಾ? ನಡುವೆ ಇಳಿದು ತಳ್ತೀರೋ ಏನೋ?”

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪಿಸ್ತೊ ಬಾಯಿ ತೆರೆದ. ಎಲ್ಲಾ ದೋಣಿಗಳ ಥರಾನೇ, ಎಲ್ಲಾ ದೋಣಿಗಳ ಥರಾನೇ, ಎಂದು ನಾಲಿಗೆಯ ತುದಿಯಲ್ಲಿ ಆ ಮಾತು ಕಾದು ನಿಂತಿತ್ತು.

“ಹೇಳೋಕೆ ನಾಚಿಕೆಯಾದ್ರೆ ಬಿಡಿ” ಎಂದ ಫಿಸ್ಕಲ್, ಮೃದುವಾಗಿ.

“ಇಪ್ಪತ್ತೈದು ನಿಮಿಷ!”

ಕೋರ್ಟಿನ ಫ್ಯಾನು ತಿರುಗುವುದನ್ನು ನಿಲ್ಲಿಸಿತು. ಅಟಾರ್ನಿಯ ಕೈಯ ಬ್ರೆಡ್ಡು ಕೆಳಗೆ ಬಿತ್ತು.

“ಎಷ್ಟಂದ್ರಿ?”

“ಇಪ್ಪತ್ತೈದು ನಿಮಿಷ ಸ್ವಾಮಿ. ಎದುರುಗಾಳೀಲಿ! ಹಿಂಗಾಳಿ ಇದ್ರೆ ನಾನು ಕಾಲು ನೀರಲ್ಲಿಟ್ಟು ತಡೀಬೇಕು, ಇಲ್ದಿದ್ರೆ ದಕ್ಕೆ ದಾಟಿ ಸಂತೆಯೊಳಗೇ ನುಗ್ಗತ್ತೆ.”

“ಇನ್ನು ಪ್ರಶ್ನೆಗಳಿಲ್ಲ ಮಹಾಸ್ವಾಮಿ.”

ಪಿಸ್ತೊ ಎದೆಯುಬ್ಬಿಸಿ ಕೆಳಗಿಳಿದು ಹೆಂಡತಿ ಬೆನಿಲ್ಡಾಳ ಪಕ್ಕ ಕೂತ. “ಹೇಗೆ? ಬಾಯಿ ಮುಚ್ಚಿಸಿದ್ನಾ ಇಲ್ವಾ?”

“ಮುಚ್ಚಿಸಿದ್ರಿ” ಎಂದಳು ಬೆನಿಲ್ಡಾ.

ಶಿಕ್ಷೆ ನಲವತ್ತು ವರ್ಷದವರೆಗಿನ ಸೆರೆ. ಜುನ್ರೆಲ್‌ನನ್ನು ಸೆಬು ನಗರದ ಜೈಲಿಗೆ ಕರೆದೊಯ್ದರು. ಎರಡು ತಿಂಗಳ ನಂತರ ಪಿಸ್ತೊನ ಮಗಳು ಗ್ಲೆಸಿಲ್ ಗಂಡುಮಗು ಹೆತ್ತಳು. ಅಟಾರ್ನಿ ಕಬಾಹುಗ್ ಮೇಲ್ಮನವಿ ಹಾಕಿ, ತೀರ್ಪಿನ ಕಟ್ಟು ಹಿಡಿದು ದ್ವೀಪಕ್ಕೆ ಬಂದಳು. ಆ ಕಟ್ಟು ಎಷ್ಟು ದಪ್ಪವಿತ್ತೆಂದರೆ ಅದನ್ನಿಟ್ಟ ಬದಿಗೆ ದೋಣಿ ವಾಲಿ, ಆ ಕಡೆ ಕೂತವರೆಲ್ಲ ಸೊಂಟದವರೆಗೆ ನೆನೆದಿದ್ದರು.

“ಹದಿನಾಲ್ಕನೇ ಪುಟ ಕೇಳಿ ನೋಂಗ್” ಎಂದು ಅವಳು ಓದಿದಳು. ತೀರ್ಪು ಹೀಗಿತ್ತು: ಆರೋಪಿ ತನ್ನ ಜೊತೆ ಮರಳಿನ ಮೇಲೆ ಇದ್ದನೆಂದು ಪಿಸ್ತೊ ಹೇಳಿದ್ದನ್ನು ನಂಬಲಾಗದು, ಏಕೆಂದರೆ ಅವನು ಮಾವ. ದೋಣಿಯನ್ನು ದಡಕ್ಕೆ ಎಳೆಯಲಾಗಿತ್ತೆಂದದ್ದನ್ನೂ ನಂಬಲಾಗದು. ಆದರೆ ದೋಣಿ ಇಪ್ಪತ್ತೈದು ನಿಮಿಷದಲ್ಲಿ ಕಾಂಬಾಲಿ ಮುಟ್ಟುತ್ತದೆಂಬ ಮಾತು ಪೂರ್ಣ ವಿಶ್ವಾಸಾರ್ಹ. ತನ್ನ ಅಳಿಯನಿಗೆ ಕೇಡಾಗುವಂಥ ಸುಳ್ಳನ್ನು ಯಾವ ಮಾವನೂ ಹೇಳುವುದಿಲ್ಲ. ಅದನ್ನು ಹೇಳುವಾಗ ಸಾಕ್ಷಿಯ ಕಣ್ಣುಗಳು ಹೊಳೆಯುತ್ತಿದ್ದವು, ದನಿ ನಡುಗಲಿಲ್ಲ. ಸಮುದ್ರದ ಏರಿಳಿತಕ್ಕೆಂದು ಅದನ್ನು ದುಪ್ಪಟ್ಟು ಮಾಡಿ ಐವತ್ತು ನಿಮಿಷ ಎಂದುಕೊಂಡರೂ, ಹೋಗಿ, ಕೊಂದು, ಮರಳಲು ಸಮಯ ಧಾರಾಳವಾಗಿತ್ತು.

“ಜಡ್ಜ್ ಸಾಹೇಬ್ರು ನನ್ನ ದೋಣಿ ಬಗ್ಗೆ ಇಷ್ಟೊಂದು ಬರ್ದಿದಾರಾ?” ಎಂದ ಪಿಸ್ತೊ. ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ.

“ನೀವು ಕೋರ್ಟಿನಲ್ಲಿ ನೂರು ಮಾತಾಡಿದ್ರಿ. ತೊಂಬತ್ತೊಂಬತ್ತನ್ನ ಅವರು ನಂಬ್ಲಿಲ್ಲ” ಎಂದಳು ಅಟಾರ್ನಿ. “ಮೇಲಿನ ಕೋರ್ಟಿನವ್ರು ನಿಮ್ಮ ಮುಖ ನೋಡಲ್ಲ. ನೋಡಿದ ಜಡ್ಜು ಬರ್ದಿದ್ದನ್ನೇ ಓದ್ತಾರೆ. ಈಗ ಹೇಳಿ. ನಿಜವಾಗ್ಲೂ ಎಷ್ಟು ಹೊತ್ತು ಬೇಕು?”

ಬೆನಿಲ್ಡಾ ಒಲೆಯ ಮುಂದೆ ಅನ್ನ ತಿರುವುತ್ತಿದ್ದವಳು ಸೌಟು ನಿಲ್ಲಿಸಿದಳು.

“ಮೂವತ್ತು…” ಎಂದ ಪಿಸ್ತೊ. ಸೌಟು ಪಾತ್ರೆಯ ಅಂಚಿಗೆ ಠಣ್ಣೆಂದು ಬಡಿಯಿತು. “ಮೂವತ್ತೈದು ಇರ್ಬಹುದು. ಅಲೆ ಇದ್ರೆ.” ಇನ್ನೊಮ್ಮೆ ಠಣ್.

ಗ್ಲೆಸಿಲ್ ಒಳಗಿನಿಂದ ಬಂದು ಕೂಸನ್ನು ಅಪ್ಪನ ತೊಡೆಯ ಮೇಲೆ ಮಲಗಿಸಿದಳು. ಅದು ಕಣ್ಣು ಬಿಟ್ಟು ಅಜ್ಜನನ್ನು ನೋಡಿತು.

“ಇವನ ಅಪ್ಪ ಹೊರಗೆ ಬರೋವಾಗ ಇವನಿಗೆ ನಲವತ್ತಾಗಿರತ್ತೆ ಅಪ್ಪಾ” ಎಂದಳು. “ಆಗ ನೀನು ಇರಲ್ಲ. ನಿನ್ನ ದೋಣಿ ಇರತ್ತೇನೋ. ವೇಗವಾಗಿ ಓಡೋ ದೋಣಿ.”

ಪಿಸ್ತೊ ಕೂಸಿನ ಕಾಲ್ಬೆರಳನ್ನು ಒಂದೊಂದಾಗಿ ಮುಟ್ಟಿದ. ಹತ್ತೇ ಇದ್ದವು. ಬೇರೆ ದಿನವಾಗಿದ್ದರೆ ಹನ್ನೆರಡು ಎನ್ನುತ್ತಿದ್ದ.

“ಇಂಜಿನ್ನು ತಗೊಂಡು ಬರ್ತೀನಿ ಅಟಾರ್ನಿ, ಕೋರ್ಟಿಗೆ” ಎಂದ ಕೊನೆಗೆ.

ಸೆಬುವಿನ ಮೇಲ್ಮನವಿ ನ್ಯಾಯಾಲಯವು, ದೋಣಿಯ ಒಂದೇ ಸಂಗತಿಯ ಬಗ್ಗೆ ಸಾಕ್ಷ್ಯ ತೆಗೆದು ಕಳಿಸಿ ಎಂದು ಕಾಂಬಾಲಿಗೆ ಬರೆಯಿತು. ಅದೇ ಕೋರ್ಟು, ಅದೇ ನ್ಯಾಯಾಧೀಶರು, ಅದೇ ಇಸ್ತ್ರಿಯ ನಗು. ದ್ವೀಪವೂ ಅದೇ ಬೆಂಚುಗಳ ಮೇಲೆ. ಬದಲಾದದ್ದು ಒಂದೇ: ನಾಲ್ಕು ಜನ ಬಿದಿರಿನ ಗಳಕ್ಕೆ ನೇತುಹಾಕಿದ ಕಿಲಾಟಿನ ಕೆಂಪು ಇಂಜಿನ್ನನ್ನು ಹೆಣ ಹೊತ್ತಂತೆ ಹೊತ್ತು ತಂದು ನ್ಯಾಯಾಧೀಶರ ಮುಂದೆ ಇಳಿಸಿದರು.

“ಇದರ ಶಕ್ತಿ ಎಷ್ಟು, ನೋಂಗ್?” ಎಂದು ಕೇಳಿದಳು ಅಟಾರ್ನಿ.

ಪಿಸ್ತೊ ‘16’ ಅನ್ನು ನೋಡಿದ. ಅದನ್ನು ಅವನೇ ಬರೆದದ್ದು, ನಾಲಿಗೆ ಹೊರಚಾಚಿಕೊಂಡು, ಒಂದು ಇಡೀ ಮಧ್ಯಾಹ್ನ ಕೂತು.

“ಐದು.”

“ಜೋರಾಗಿ.”

“ಐದು ಕುದುರೆ, ಮಹಾಸ್ವಾಮಿ. ಅದರಲ್ಲೂ ಎರಡು ಕುಂಟ್ತವೆ.”

ಗುಮಾಸ್ತ ಬ್ಲೇಡಿನಿಂದ ಕೆಂಪು ಬಣ್ಣ ಕೆರೆದ. ಕೆಳಗಿನಿಂದ ತಯಾರಕರ ಹಿತ್ತಾಳೆ ಬಿಲ್ಲೆ ಹೊಳೆಯಿತು: ಐದು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಇಲ್ಲಿ ಬಣ್ಣ ಬಿಟ್ಟು ಬಾಯಿಗೇಡಾಯಿತು. ಅಟಾರ್ನಿ ಪುರಸಭೆಯ ದೋಣಿ ಪುಸ್ತಕವನ್ನೂ ತರಿಸಿದ್ದಳು. ದೊಡ್ಡ ಇಂಜಿನ್ನಿಗೆ ಶುಲ್ಕ ಹೆಚ್ಚೆಂದು ಪಿಸ್ತೊ ಹನ್ನೊಂದು ವರ್ಷದ ಹಿಂದೆ ಅಲ್ಲಿ ಐದೆಂದೇ ಬರೆಸಿದ್ದ; ಇಂಜಿನ್ನಿನ ನಂಬರೂ ಅದೇ. ಅವನ ಬದುಕಿನ ಏಕೈಕ ಸತ್ಯ ಯಾರೂ ತೆರೆಯದ ಒಂದು ಪುಸ್ತಕದಲ್ಲಿ ಗೆದ್ದಲುಗಳ ನಡುವೆ ಸುರಕ್ಷಿತವಾಗಿತ್ತು.

ಫಿಸ್ಕಲ್ ತುಪಾಸ್ ಎದ್ದ. “ಆವತ್ತೂ ಇದೇ ಕುರ್ಚಿ, ಇದೇ ಪ್ರಮಾಣ. ಇಪ್ಪತ್ತೈದು ಅಂದ್ರಿ. ಆವತ್ತು ಸುಳ್ಳು ಹೇಳಿದ್ರಾ, ಇವತ್ತಾ?”

“ಆವತ್ತು ಸ್ವಾಮಿ.”

“ಹಾಗಾದ್ರೆ ನೀವು ಜನಸಾಗಣೆ ದೋಣಿಗಿಂತ ಮೊದಲು ಬಂದು ನಿಂತಿರೋದನ್ನ ಇಡೀ ಕಾಂಬಾಲಿ ನೋಡಿದೆಯಲ್ಲ? ಆರೂವರೆಗೆ ಹೊರಟೆ ಅಂತಿದ್ರಿ, ಏಳಕ್ಕೆ ಮೊದಲು ಇಲ್ಲಿರ್ತಿದ್ರಿ. ನಾನೇ ನೋಡಿದೀನಿ.”

ಪಿಸ್ತೊ ನೆಲ ನೋಡಿದ. ಇದು ಹೆಂಡತಿಯೊಬ್ಬಳಿಗೆ ಗೊತ್ತಿದ್ದ ಗುಟ್ಟು.

“ನಾನು ಕತ್ತಲಿರುವಾಗ್ಲೇ ಹೊರಡ್ತಿದ್ದೆ ಸ್ವಾಮಿ. ನಾಲ್ಕಕ್ಕೆ. ಹಿಂದಿನ ದಡದಿಂದ, ಯಾರೂ ನೋಡ್ದಂಗೆ. ಇಲ್ಲಿ ದಕ್ಕೆ ಪಕ್ಕ ಕಾಂಡ್ಲ ಗಿಡಗಳ ನಡುಗಡ್ಡೆ ಇದೆಯಲ್ಲ, ಅದರ ಹಿಂದೆ ಅಡಗಿ ಕೂತು ತಿಂಡಿ ತಿಂತಿದ್ದೆ. ಜನಸಾಗಣೆ ದೋಣಿ ತಲೆ ಕಾಣಿಸಿದ ಕೂಡ್ಲೇ ಇಂಜಿನ್ ಹಚ್ಚಿ, ಅದರ ಮುಂದೆ ಭರ್ರಂತ ನುಗ್ತಿದ್ದೆ. ಸದ್ದು ಜೋರಾಗಿ ಬರ್ಲಿ ಅಂತ ಸೈಲೆನ್ಸರ್ ಕಿತ್ತುಹಾಕಿದ್ದೆ.”

“ಒಟ್ಟು ಎಷ್ಟು ಹೊತ್ತು?”

“ಎರಡು ಗಂಟೆ ನಲವತ್ತು ನಿಮಿಷ.”

“ಇದಕ್ಕೆ ಸಾಕ್ಷಿ ಯಾರು?”

“ಯಾರೂ ಇಲ್ಲ ಸ್ವಾಮಿ. ಅಷ್ಟು ಗುಟ್ಟಾಗಿ ಮಾಡ್ತಿದ್ದೆ.”

ಬೆಂಚುಗಳ ಮೇಲೆ ಇಡೀ ಬುಗ್ತೊಂಗ್ ದ್ವೀಪಕ್ಕೆ ಒಟ್ಟಿಗೆ ಕೆಮ್ಮು ಬಂತು. ಊರ ಮುಖ್ಯಸ್ಥ ಕಪಿತಾನ್ ಟೋಪಿ ಹಿಂಡುತ್ತಾ ಎದ್ದು ನಿಂತ. ಅವನಿಂದ ಪ್ರಮಾಣ ಮಾಡಿಸಿ ಕೂರಿಸಿದರು.

“ನಮಗೆಲ್ಲಾ ಗೊತ್ತು ಮಹಾಸ್ವಾಮಿ. ಹನ್ನೊಂದು ವರ್ಷದಿಂದ. ಸೈಲೆನ್ಸರ್ ಇಲ್ಲದ ಇಂಜಿನ್ನು ಸ್ವಾಮಿ, ಹಿಂದಿನ ದಡದಲ್ಲಿ ಹಚ್ಚಿದ್ರೆ ಸತ್ತವನೂ ಎದ್ದು ಕೂರ್ತಾನೆ. ನಮ್ಮೂರಲ್ಲಿ ಹುಂಜಗಳು ಕೂಗೋದನ್ನೇ ಬಿಟ್ಟಿವೆ.”

ಪಿಸ್ತೊ ಬೆಂಚುಗಳತ್ತ ನೋಡಿದ. ಎಲ್ಲರೂ ಮೆತ್ತಗೆ, ಕ್ಷಮೆ ಕೇಳುವವರಂತೆ, ತಲೆಯಾಡಿಸಿದರು. ಇಂಜಿನ್ ಹೊತ್ತು ತಂದ ನಾಲ್ವರೂ ಆಡಿಸಿದರು.

ನ್ಯಾಯಾಧೀಶರ ಮುಖ ಕೆಂಪಾಗಿತ್ತು. “ಹಿಂದಿನ ವಿಚಾರಣೆಯಲ್ಲಿ ನೀವೆಲ್ಲ ಇಲ್ಲೇ ಕೂತಿದ್ರಿ. ಯಾಕೆ ಹೇಳಲಿಲ್ಲ?”

“ಯಾರೂ ಕೇಳಲಿಲ್ಲ ಮಹಾಸ್ವಾಮಿ. ಮತ್ತೆ, ಆ ವಯಸ್ಸಿನ ಮನುಷ್ಯನ ಮುಖದ ಮೇಲೆ ಹೆಂಗೆ ಹೇಳೋದು? ನಾಳೆ ಅದೇ ದಾರೀಲಿ ಎದುರಾಗ್ಬೇಕಲ್ಲ. ಶಿಕ್ಷೆ ಆದ ಮಾರನೇ ದಿನಾನೇ ಅಟಾರ್ನಿ ಹತ್ರ ಓಡಿದ್ವಿ. ‘ಮೊದ್ಲು ಅವರ ಬಾಯಿಂದಾನೇ ಬರ್ಲಿ. ಬರ್ದಿದ್ರೆ ನಿಮ್ಮೆಲ್ಲರನ್ನೂ ಕರೀತೀನಿ’ ಅಂದ್ರು.”

ಪಿಸ್ತೊ ಅಟಾರ್ನಿಯತ್ತ ನೋಡಿದ. ಅವಳಿಗೆ ಕಡತದಲ್ಲಿ ಅತ್ಯಗತ್ಯವಾದದ್ದೇನೋ ಸಿಕ್ಕಿತ್ತು, ತಲೆಯೆತ್ತಲಿಲ್ಲ.

ಏಳು ತಿಂಗಳಾದ ಮೇಲೆ ಸೆಬುವಿನಿಂದ ತೀರ್ಪು ಬಂತು. ಮೂವರು ನ್ಯಾಯಾಧೀಶರು ಸಹಿ ಹಾಕಿದ್ದರು. ಎಸ್ಕೊಲಾಳ ಸಾಕ್ಷ್ಯವನ್ನು ಅವರು ಸಾಲು ಸಾಲಾಗಿ ಓದಿದ್ದರು. ಬೆನ್ನು ಎಂಬ ಮಾತು ಹನ್ನೆರಡು ಕಡೆ ಇತ್ತು, ಮುಖ ಎಂಬ ಮಾತು ಒಮ್ಮೆಯೂ ಇರಲಿಲ್ಲ. ಮುಖ ಕಂಡಿತೇ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಸುಳ್ಳು ಹೇಳದ ಹೆಂಗಸು ಕೇಳದ್ದನ್ನು ಹೇಳಿರಲಿಲ್ಲ. ಪಿಸ್ತೊನ ಬಗ್ಗೆ ಅವರು ಬರೆದದ್ದು ಇದು: ಸಾಕ್ಷಿ ಮಾತು ಬದಲಿಸಿದರೆ ನ್ಯಾಯಾಲಯ ಅನುಮಾನದಿಂದ ನೋಡುವುದು ಸಹಜ. ಆದರೆ ಇಂಜಿನ್ನಿನ ಬಿಲ್ಲೆ ಮಾತು ಬದಲಿಸುವುದಿಲ್ಲ. ಅಲ್ಲದೆ ಇಡೀ ಊರಿನೆದುರು ತನ್ನ ಮಾನ ತಾನೇ ಕಳೆಯುವಂಥ ಸುಳ್ಳನ್ನು ಯಾವ ಮನುಷ್ಯನೂ ಹೇಳುವುದಿಲ್ಲ. ಆದ್ದರಿಂದ ಎರಡು ಗಂಟೆ ನಲವತ್ತು ನಿಮಿಷ ಎಂಬುದನ್ನು ಈ ನ್ಯಾಯಾಲಯ ಅಕ್ಷರಶಃ ಸತ್ಯವೆಂದು ಒಪ್ಪುತ್ತದೆ. ಆರೋಪಿ ನಿರ್ದೋಷಿ.

ಜುನ್ರೆಲ್ ಕಾಂಬಾಲಿಯ ದಕ್ಕೆಗೆ ಬಂದು ಇಳಿದಾಗ ಜನಸಾಗಣೆ ದೋಣಿಯವನು ಪುಕ್ಕಟೆ ಕರೆದೊಯ್ಯುತ್ತೇನೆಂದ. ಪಿಸ್ತೊ ಕೇಳಲಿಲ್ಲ. “ನನ್ನ ಅಳಿಯ ನನ್ನ ದೋಣೀಲಿ ಮನೆಗೆ ಬರ್ತಾನೆ.” ಬೆನಿಲ್ಡಾ, ಗ್ಲೆಸಿಲ್, ಅಪ್ಪನ ಮೂಗನ್ನು ಬಿಡದೆ ಹಿಡಿದುಕೊಂಡಿದ್ದ ಕೂಸು, ಎಲ್ಲರೂ ಹತ್ತಿದರು. ಇಂಜಿನ್ನಿನ ಮೇಲೆ ಕೆರೆದ ಜಾಗ ಹಾಗೇ ಇತ್ತು. ಬೆಳಿಗ್ಗೆ ಸರಿಯಾಗಿ ಒಂಬತ್ತಕ್ಕೆ ಹೊರಟರು.

ಹತ್ತಕ್ಕೆ ಕಾಂಬಾಲಿಯ ಚರ್ಚಿನ ಗೋಪುರ ಇನ್ನೂ ಕಾಣುತ್ತಿತ್ತು. ಹನ್ನೊಂದಕ್ಕೆ ಒಂದು ಹಾರುಮೀನು ನೀರಿನಿಂದ ಚಿಮ್ಮಿ, ಆರಾಮವಾಗಿ ಅವರನ್ನು ಹಿಂದೆ ಹಾಕಿ ಮುಂದೆ ಹೋಯಿತು. ಕೂಸು ಚಪ್ಪಾಳೆ ತಟ್ಟಿತು. ಪಿಸ್ತೊ ಬೇರೆ ಕಡೆ ನೋಡಿದ.

ದ್ವೀಪದ ಮುಂದಿನ ದಡದಲ್ಲಿ, ಊರೆಲ್ಲ ನೋಡುತ್ತಿರುವಾಗ, ದೋಣಿಯ ಮೂಗು ಮರಳಿಗೆ ತಾಗಿತು. ಜುನ್ರೆಲ್ ಹೆಂಡತಿಯ ಫೋನು ನೋಡಿದ.

“ಮಾವ, ಹನ್ನೆರಡೂ ಕಾಲು. ಮೂರು ಗಂಟೆ ಹದಿನೈದು ನಿಮಿಷ.”

“ಭಾರ ಜಾಸ್ತಿ ಇತ್ತು ಕಣಪ್ಪಾ” ಎಂದ ಪಿಸ್ತೊ ತಕ್ಷಣ. “ಜೈಲಿನ ಊಟದಲ್ಲಿ ನೀನು ದಪ್ಪ ಆಗಿದೀಯ.”

“ಒಬ್ಬರೇ ಹೋಗುವಾಗ್ಲೂ ಇಷ್ಟೇ” ಎಂದಳು ಬೆನಿಲ್ಡಾ, ಬುಟ್ಟಿ ಇಳಿಸುವಷ್ಟೇ ಸಹಜವಾಗಿ. “ನಾಲ್ಕಕ್ಕಲ್ಲ, ಮೂರೂವರೆಗೇ ಹೊರಡ್ತಿದ್ರಿ, ನನ್ನನ್ನ ಎಬ್ಬಿಸಿ ಅನ್ನ ಕಟ್ಟಿಸ್ಕೊಂಡು.”

ಜುನ್ರೆಲ್ ಮಾವನನ್ನು ದಿಟ್ಟಿಸಿದ. “ಬೈಬಲ್ ಮುಟ್ಟಿ ಎರಡು ನಲವತ್ತು ಅಂದ್ರಂತೆ? ಸೆಬುವಿನವ್ರು ಅಕ್ಷರಶಃ ಸತ್ಯ ಅಂತ ಬೇರೆ ಬರ್ದಿದಾರೆ?”

ಪಿಸ್ತೊ ಇಂಜಿನ್ ಆರಿಸಿದ. ಸದ್ದು ನಿಂತಿತು; ಹಿಂದಿನಿಂದ ಬಂದು ದಡ ಮುಟ್ಟಲು ಏನೂ ಉಳಿದಿರಲಿಲ್ಲ. ಅವನು ಸುತ್ತ ನೋಡಿದ. ಕಪಿತಾನ್ ಮತ್ತು ಜನ ಇನ್ನೂ ಇಪ್ಪತ್ತು ಹೆಜ್ಜೆ ದೂರವಿದ್ದರು.

“ಅಷ್ಟು ಜನದ ಮುಂದೆ ಮೂರು ಗಂಟೆ ಅನ್ನೋಕೆ ಬಾಯಿ ಬರ್ಲಿಲ್ಲ ಕಣೋ” ಎಂದ ಮೆಲ್ಲಗೆ. “ಮೂರೂ ಕಾಲೇ ನಿಜ. ಅದೂ ಇವತ್ತಿನ ಥರ ಹಿಂಗಾಳಿ ಇದ್ರೆ.”

“ಎದುರುಗಾಳಿ ಇದ್ರೆ?”

“ಎದುರುಗಾಳಿ ಇದ್ರೆ,” ಎಂದ ಪಿಸ್ತೊ, “ನಾನು ಹೊರಡೋದೇ ಇಲ್ಲ.”